ಊಟ ಬಿಟ್ಟಿಲ್ಲ

ಪೆಟ್ರೋಲ್ ಬಂಕಿನ ಹಿಂದಿನ ಕಕ್ಕಸಿನ ಬಾಗಿಲಿಗೆ ಚಿಲಕ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲನ್ನು ಒಳಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಹಣದ ಚೀಲ ನೆಲಕ್ಕೆ ತಾಗದ ಹಾಗೆ ಎತ್ತಿಕೊಂಡು ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ಟಿಕೆಟ್ ಮಷೀನು ಕುತ್ತಿಗೆಯಿಂದ ಜೋತು ಮೊಣಕಾಲಿಗೆ ಬಡಿಯುತ್ತಿತ್ತು. ಹೊರಗೆ ರಸ್ತೆಯಂಚಿಗೆ ನಿಲ್ಲಿಸಿದ್ದ ಬಸ್ಸು ಹಾರನ್ ಹೊಡೆಯಿತು. ಡ್ರೈವರಿನ ಕೈ ಅವಳಿಗೆ ಗೊತ್ತು; ಅವನಾದರೆ ಚಿಕ್ಕದಾಗಿ ಎರಡು ಸಲ ಒತ್ತಿ ಬಿಡುತ್ತಾನೆ. ಇದು ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಪ್ರಯಾಣಿಕರಲ್ಲೇ ಯಾರೋ ಎದ್ದು ಹೋಗಿ ಅದುಮಿದ್ದಾರೆ.

"ಬಂದೆ, ಐದೇ ನಿಮಿಷ," ಎಂದು ಅವಳು ಬಾಗಿಲಿಗೆ ಹೇಳಿದಳು.

ಎದ್ದಾಗ ಕಣ್ಣಿಗೆ ಕತ್ತಲು ಬಂತು. ಗೋಡೆ ಹಿಡಿದು ನಿಂತು, ಮುಖಕ್ಕೆ ನೀರು ಹಾಕಿಕೊಂಡು, ಖಾಕಿ ಅಂಗಿಯ ತೋಳಲ್ಲೇ ಒರೆಸಿಕೊಂಡು ಬಸ್ಸಿಗೆ ಬಂದಳು. ಮೆಟ್ಟಿಲು ಹತ್ತುವಾಗಲೇ ಶುರುವಾಯಿತು.

"ಬಂದ್ರಪ್ಪ ಮಹಾರಾಣಿಯವರು."

"ಪಾಪ ಕಣ್ರೀ, ಹೊಟ್ಟೆ ಸರಿಯಿಲ್ವೋ ಏನೋ."

"ದಿನಾ ಸರಿಯಿರಲ್ವಾ? ನಾನು ದಿನಾ ಇದೇ ಬಸ್ಸಿಗೆ ಬರೋನು. ಒಂದು ಕಕ್ಕಸು ಕಟ್ಟಿಸಿ ಹಿಂದ್ಗಡೆ ಎಳ್ಕೊಂಡು ಹೋಗೋದು ಒಳ್ಳೇದು ಇವರಿಗೆ."

ನಕ್ಕರು. ನಗದೆ ಇದ್ದವನು ಒಬ್ಬನೇ, ಡ್ರೈವರಿನ ಪಕ್ಕ ನಿಂತಿದ್ದ ಬೂದು ಕೋಟಿನವನು. ಅವನ ಕೈ ಇನ್ನೂ ಹಾರನ್ ಹತ್ತಿರವೇ ಇತ್ತು. "ನಿಮ್ಮ ಬಿಲ್ಲೆ ನಂಬರ್ ಎಷ್ಟು?" ಎಂದು ಕೇಳಿದ. ಅವನಿಗೆ ರೈಲು ಹಿಡಿಯಬೇಕಿತ್ತು, ರೈಲಿಳಿದು ಕೆಲಸದ ಸಂದರ್ಶನಕ್ಕೆ ಹೋಗಬೇಕಿತ್ತು. ಅವಳು ಹೇಳಿದಳು. ಅವನು ಅಂಗೈ ಮೇಲೆ ಬರೆದುಕೊಂಡ.

"ರೈಟ್ ಹೇಳು ತಂಗಿ," ಎಂದ ಡ್ರೈವರು, ಕನ್ನಡಿಯಲ್ಲಿ ಅವಳ ಮುಖ ನೋಡದೆ.

ಕೋಟಿನವನಿಗೆ ರೈಲು ಸಿಗಲಿಲ್ಲ. ದೂರು ಮರುದಿನವೇ ಡಿಪೋಗೆ ಬಂತು.

ಡಿಪೋದಲ್ಲಿ ಅವಳ ಹೆಸರು ಐದ್ನಿಮಿಷ ಎಂದೇ ಆಗಿತ್ತು. ಹಾಜರಿ ಕೂಗುವವನೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿ ಎರಡು ವರ್ಷ. ಇನ್ನೂ ಖಾಯಂ ಆಗಿರಲಿಲ್ಲ. ಸೇರುವಾಗ ಹೊಲಿಸಿದ ಸಮವಸ್ತ್ರ ಈಗ ಇನ್ನೊಬ್ಬಳೂ ಹಿಡಿಸುವಷ್ಟು ಸಡಿಲವಾಗಿತ್ತು. ಸೊಂಟಕ್ಕೆ ಪಿನ್ನು ಹಾಕಿಕೊಂಡು ಬರುತ್ತಿದ್ದಳು.

ಮ್ಯಾನೇಜರು ನೋಟೀಸನ್ನು ಅವಳ ಕೈಗೆ ಕೊಡುವ ಮುಂಚೆ ಕುರ್ಚಿ ತೋರಿಸಿದ. ಒಳ್ಳೆಯ ಮನುಷ್ಯನೇ.

"ನಾನೇನು ಕಟುಕ ಅಲ್ಲಮ್ಮ. ಆದ್ರೆ ಇದು ಮೂರನೇ ದೂರು, ವಿಚಾರಣೆ ಆಗ್ಲೇಬೇಕು. ಕಾಯಿಲೆ ಇದ್ರೆ ಇದೆ ಅಂತ ಒಬ್ಬ ಡಾಕ್ಟರು ಬರೆದುಕೊಡ್ಲಿ. ಪಾಸ್ ಕೌಂಟರಲ್ಲಿ ಕೂರಿಸ್ತೀನಿ, ವಿಚಾರಣೇನೂ ಅಲ್ಲಿಗೇ ಮುಗಿಯುತ್ತೆ. ಹೆಸರಿರೋ ಕಾಯಿಲೆ ಬೇಕು ಅಷ್ಟೆ. ಹೊಟ್ಟೆನೋವು ಅಂದ್ರೆ ನನಗೂ ಬರುತ್ತೆ, ಈ ಕುರ್ಚೀಲಿ ಕೂತ್ರೆ ಸಾಕು."

ಹೆಸರಿರುವ ಕಾಯಿಲೆ. ಅದಕ್ಕಾಗಿ ಅವಳು ಕಾಲು ಸವೆಸಿದ್ದು ಕಡಿಮೆಯೇನಲ್ಲ. ಬೀದಿಕೊನೆಯ ಡಾಕ್ಟರು ಗ್ಯಾಸು ಅಂದ. ಅವನ ಎದುರಿನವನು ಹುಳು ಅಂದು ಮಾತ್ರೆ ಕೊಟ್ಟ. ಮೂರನೆಯವಳು ಕೆಳಗಿನ ರೆಪ್ಪೆ ಎಳೆದು ನೋಡಿ ರಕ್ತ ಇಲ್ಲ ಅಂದಳು. ಅವಳು ಕೊಟ್ಟ ಕಬ್ಬಿಣದ ಮಾತ್ರೆ ನುಂಗಿದ್ದಷ್ಟೂ ಹೊರಗೆ ಹೋಯಿತು. ಡಿಪೋ ಡಾಕ್ಟರು ಅವಳು ಕೂರುವ ಮೊದಲೇ ಬರೆಯಲು ಶುರುಮಾಡಿದ್ದ. "ಮದುವೆ ಆಗಿ ಎಷ್ಟು ವರ್ಷ? ಮಕ್ಕಳು?" ಇಲ್ಲ ಅಂದಳು. ಪೆನ್ನಿನ ಮುಚ್ಚಳ ಹಾಕಿದ. "ಮನಸ್ಸಿಗೆ ಹಚ್ಕೊಂಡ್ರೆ ಹೊಟ್ಟೆಗೆ ಇಳಿಯುತ್ತೆ. ಹೆಂಗಸರಲ್ಲಿ ಇದು ಜಾಸ್ತಿ." ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಹೊಟ್ಟೆಗೆ ಭಾರ ಬೇಡ, ಹಗುರವಾಗಿ ಬ್ರೆಡ್ಡು ತಿನ್ನಿ.

ಮನೆಯಲ್ಲಿ ಬ್ರೆಡ್ಡಿಗೆ ಕೊರತೆಯಿರಲಿಲ್ಲ. ಅತ್ತೆ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ನಿವೃತ್ತಳಾದವಳು. ಹೆತ್ತು ಸುಸ್ತಾದ ಹೆಂಗಸರನ್ನು ಹಾಲು-ಬ್ರೆಡ್ಡು ಕೊಟ್ಟು ಎಬ್ಬಿಸಿ ಕೂರಿಸಿದ ಕೈ ಅದು. ಸೊಸೆ ಸೊರಗಿದಳು ಎಂದು ಬೆಳಿಗ್ಗೆ ಬ್ರೆಡ್ಡು, ಸಂಜೆ ಬ್ರೆಡ್ಡು, ಮಲಗುವ ಮುಂಚೆ ಬಿಸಿ ಹಾಲಲ್ಲಿ ಅದ್ದಿದ ರಸ್ಕು.

"ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೇ ನಿಂಗೆ?" ಎನ್ನುವಳು. "ಸತ್ತು ಬದುಕಿದೋರೆಲ್ಲ ಇದನ್ನ ತಿಂದು ಮಗೂನ ಎತ್ಕೊಂಡು ನಡ್ಕೊಂಡು ಮನೆಗೆ ಹೋಗಿದಾರೆ. ನಿಂದೇ ಒಂದು ವಿಚಿತ್ರ ನಾಜೂಕು."

ಗಂಡ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ. ಬೆರಳಿಗೆ ಯಾವಾಗಲೂ ಒಂದು ಪಟ್ಟಿ. ತಾಯಿಯ ಮಾತಿಗೂ ಹೆಂಡತಿಯ ಮಾತಿಗೂ ಸಮನಾಗಿ ತಲೆಯಾಡಿಸಿ ಊಟ ಮುಗಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ನೋಟೀಸು ಬಂದ ಮೇಲೆ ಅವಳು ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದಳು. ಹೊಟ್ಟೆ ಡಾಕ್ಟರಿನ ಕೋಣೆಯ ಹೊರಗೆ ಬೆಂಚು ಸಾಲದೆ ಜನ ನೆಲದ ಮೇಲೆ ಕೂತಿದ್ದರು. ಒಳಗೆ ಹೋದಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರು ಅವಳಿಗಿಂತ ಚಿಕ್ಕವನಿರಬಹುದು. ಕಣ್ಣು ಕೆಂಪಗಿದ್ದವು. ಆದರೆ ಅವನು ಹಳೆಯ ಚೀಟಿಗಳನ್ನೆಲ್ಲ ಓದಿದ, ಉಗುರು ನೋಡಿದ, ಬಾಯಿ ತೆರೆಸಿ ಹುಣ್ಣು ನೋಡಿದ, ಏನು ತಿಂದರೆ ಹೆಚ್ಚಾಗುತ್ತೆ ಎಂದು ಕೇಳಿದ. ಹಾಗೆ ಯಾರೂ ಕೇಳಿರಲಿಲ್ಲ.

"ಗೋಧಿ ನಿಮಗೆ ಆಗಿಬರಲ್ಲ ಅಂತ ಅನುಮಾನ ನನಗೆ," ಎಂದ. "ಸೀಲಿಯಾಕ್ ಅಂತಾರೆ. ಬ್ರೆಡ್ಡು, ಬಿಸ್ಕತ್ತು, ಗೋಧಿ ಇರೋದು ಏನೇ ತಿಂದ್ರೂ ಕರುಳು ಒಳಗೊಳಗೇ ಸವೆಯುತ್ತೆ. ಒಂದು ರಕ್ತಪರೀಕ್ಷೆ ಇದೆ. ಆದ್ರೆ ಅದರ ಸಾಮಾನು ಖಾಲಿಯಾಗಿದೆ, ಬರೋಕೆ ಮೂರು ತಿಂಗಳಾದ್ರೂ ಬೇಕು. ಈ ಊರಲ್ಲಿ ಬೇರೆಲ್ಲೂ ಮಾಡಲ್ಲ."

"ಹಾಗಾದ್ರೆ ಇದಕ್ಕೆ ಹೆಸರಿದೆ ಸರ್?"

ಅವನು ಒಂದು ಕ್ಷಣ ಅವಳ ಮುಖ ನೋಡಿದ. "ಇದೆ. ಪರೀಕ್ಷೇಲಿ ಬಂದ್ರೆ ಬರೆದುಕೊಡ್ತೀನಿ. ಅಲ್ಲೀವರೆಗೂ ಊಟ ಬಿಡಬೇಡಿ. ಯಾವಾಗಿನ ಹಾಗೇ ಊಟ ಮಾಡ್ತಾ ಇರಿ. ಅದು ಮುಖ್ಯ."

ಮುಂದಿನ ರೋಗಿ ಆಗಲೇ ಒಳಗೆ ಕಾಲಿಟ್ಟಿದ್ದ.

ಊಟ ಬಿಡಬಾರದು. ಅದು ಅವಳಿಗೆ ಚೆನ್ನಾಗಿ ತಲೆಗೆ ಹೋಯಿತು. ಹೊಟ್ಟೆಗೆ ಹೆದರಿ ಎಷ್ಟೋ ಸಲ ಮಧ್ಯಾಹ್ನದ ಬುತ್ತಿ ಬಿಚ್ಚದೆ ವಾಪಸು ತರುತ್ತಿದ್ದಳು. ಅಂದಿನಿಂದ ಎರಡು ಹೊತ್ತೂ ತಪ್ಪದೆ ಅನ್ನ ಉಂಡಳು, ಹಸಿವಿರಲಿ ಬಿಡಲಿ. ಬ್ರೆಡ್ಡು, ಬನ್ನು, ರಸ್ಕುಗಳನ್ನು ಅಂದಿನಿಂದಲೇ ಬಿಟ್ಟಳು. ಕರುಳು ಸವೆಸುತ್ತೆ ಎಂದು ಡಾಕ್ಟರೇ ಹೇಳಿದ ಮೇಲೆ ಯಾರಾದರೂ ತಿನ್ನುತ್ತಾರೆಯೇ?

"ಸೀಲಿಯಾಕ್," ಎಂದು ಡ್ರೈವರಿಗೆ ಹೇಳಿದಳು, ಡಿಪೋ ಕ್ಯಾಂಟೀನಿನಲ್ಲಿ.

"ಸೀಲಿಂಗ್ ಫ್ಯಾನಾ?"

"ಸೀಲಿಯಾಕ್ ಅಣ್ಣ. ಗೋಧಿ ಆಗಲ್ವಂತೆ."

"ಏನೋಪ್ಪ. ನನ್ನ ಹೆಂಡ್ತಿಗೆ ನಾನೇ ಆಗಲ್ಲ, ಅದಕ್ಕೇನಂತಾರೋ," ಎಂದು ಅವಳ ಪಾಲಿನ ಬನ್ನನ್ನೂ ತನ್ನ ಚಹಾಕ್ಕೆ ಅದ್ದಿದ.

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಾಗ ಅತ್ತೆಯ ಮುಖ ಊದಿಕೊಂಡಿತು. "ವಾರ್ಡಲ್ಲಿ ಅಷ್ಟು ಜನ ಡಾಕ್ಟರುಗಳ ಜೊತೆ ಕೆಲಸ ಮಾಡಿದೀನಿ. ಬ್ರೆಡ್ಡು ತಿಂದ್ರೆ ಕಾಯಿಲೆ ಅಂತ ಒಬ್ಬನ ಬಾಯಲ್ಲೂ ಕೇಳಿಲ್ಲ. ನನ್ನ ಕೈಯಿಂದ ಕೊಟ್ಟಿದ್ದು ಬೇಡ ಅಂದ್ರೆ ಹಾಗಂತ ಹೇಳು." ಮಾತು ಬಿಟ್ಟಳು. ತಟ್ಟೆ ಇಡುವುದನ್ನು ಬಿಡಲಿಲ್ಲ. ಇಡುವಳು, ಒಣಗಿದ ಮೇಲೆ ಎತ್ತುವಳು.

ಆ ತಿಂಗಳುಗಳು ಹೇಗಿದ್ದವು ಎಂದು ಅವಳು ಯಾರಿಗೂ ವಿವರಿಸಿ ಹೇಳಲಿಲ್ಲ. ಹೇಳಲು ಅಂಥದ್ದೇನೂ ಇರಲಿಲ್ಲ. ಹೊಟ್ಟೆ ಎಂಬುದು ಮೈಯೊಳಗೆ ಇದೆ ಎಂಬುದೇ ಮರೆತುಹೋಗುವ ದಿನಗಳು ಬಂದವು. ಒಂದು ಬೆಳಿಗ್ಗೆ ಬಸ್ಸು ಪೆಟ್ರೋಲ್ ಬಂಕು ದಾಟಿ ಮೂರು ಸ್ಟಾಪು ಮುಂದೆ ಹೋದ ಮೇಲೆ, ಬಂಕು ದಾಟಿತು ಎಂದು ಅವಳಿಗೆ ನೆನಪಾಯಿತು. ಸೀಟಿ ಜೋರಾಗಿ ಊದುತ್ತಿದ್ದಳು. ಚಿಲ್ಲರೆಗೆ ಜಗಳವಾಡುವವರ ಜೊತೆ ತಾನೂ ಜಗಳವಾಡಿದಳು. ಸೊಂಟದ ಪಿನ್ನನ್ನು ಒಂದು ಮಡಿಕೆ ಸಡಿಲ ಮಾಡಿದಳು.

"ಏನಮ್ಮಾ ತಂಗಿ, ಐದು ನಿಮಿಷ ಎಲ್ಲಿಗೆ ಹೋಯ್ತು?" ಎಂದು ಡ್ರೈವರು ಕೇಳಿದರೆ, "ನಿಮಗೇ ಉಳಿಸಿಟ್ಟಿದೀನಿ ಅಣ್ಣ, ಬೇಕಾದಾಗ ಕೇಳಿ," ಎನ್ನುವಳು.

ವರದಿಗಾಗಿ ಮ್ಯಾನೇಜರು ಮುಂದಕ್ಕೆ ಹಾಕಿಸಿದ್ದ ವಿಚಾರಣೆ ಹತ್ತಿರವಾಗುವ ಹೊತ್ತಿಗೆ ಪರೀಕ್ಷೆಯ ಸಾಮಾನು ಬಂತು. ರಕ್ತ ಕೊಟ್ಟಳು. ವರದಿಯ ದಿನ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಆಸ್ಪತ್ರೆಗೆ ಹೋದಳು, ಅಲ್ಲಿಂದ ಹಾಗೇ ಮ್ಯಾನೇಜರನ್ನು ನೋಡುವ ಯೋಚನೆಯಿಂದ.

ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿದ. ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದ.

"ಇದ್ರಲ್ಲಿ ಏನೂ ಇಲ್ಲ."

"ಅಂದ್ರೆ?"

"ಅಂದ್ರೆ ನಿಮಗೆ ಆ ಕಾಯಿಲೆ ಇಲ್ಲ ಅಂತ ಹೇಳ್ತಿದೆ ಇದು. ನೀವು ಊಟ ಬಿಟ್ಟಿರಲಿಲ್ಲ ತಾನೆ?"

"ಇಲ್ಲ ಸರ್. ಒಂದು ಹೊತ್ತೂ ಬಿಟ್ಟಿಲ್ಲ."

"ಯಾವಾಗಿನ ಹಾಗೇ ತಿಂತಿದ್ರಿ?"

"ಹೂಂ ಸರ್. ಎರಡು ಹೊತ್ತೂ. ಗೋಧಿ ಬಿಟ್ಟ ಮೇಲಂತೂ ಚೆನ್ನಾಗಿ ಸೇರ್ತಿದೆ."

ಡಾಕ್ಟರು ಕುರ್ಚಿಗೆ ಒರಗಿದ. "ಗೋಧಿ ಬಿಟ್ಟಿದ್ರಾ? ಊಟ ಬಿಡಬೇಡಿ ಅಂದಿದ್ದೆನಲ್ಲಮ್ಮ."

"ಊಟ ಬಿಟ್ಟಿಲ್ಲ ಸರ್. ಬ್ರೆಡ್ಡು ಮಾತ್ರ ಬಿಟ್ಟೆ."

"ಬ್ರೆಡ್ಡೂ ಊಟಾನೇ ಅಲ್ವಾ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಊಟ ಎಂದರೆ ಅನ್ನ. ಬ್ರೆಡ್ಡು ಎಂದರೆ ತಿಂಡಿ, ಅದೂ ಕಾಯಿಲೆಯವರ ತಿಂಡಿ. ಬ್ರೆಡ್ಡು ಉಂಡೆ ಎಂದು ಯಾರಾದರೂ ಹೇಳುತ್ತಾರೆಯೇ? "ಅದು ತಿಂಡಿ ಅಲ್ವಾ ಸರ್," ಎಂದಳು.

ಡಾಕ್ಟರಿಗೆ ನಗು ಬಂತು. ತಡೆದುಕೊಂಡ, ಆದರೆ ಬಂದಿದ್ದು ಕಾಣಿಸಿತು. ಆಮೇಲೆ ಹಣೆ ಉಜ್ಜಿಕೊಂಡ. "ಗೋಧಿ ಹೊಟ್ಟೇಲಿ ಇದ್ರೆ ಮಾತ್ರ ರಕ್ತದಲ್ಲಿ ಸುಳಿವು ಸಿಗುತ್ತೆ. ಬಿಟ್ರೆ ಅಳಿಸಿಹೋಗುತ್ತೆ. ನೀವು ಬಿಟ್ಟುಬಿಟ್ರಿ. ಈಗ ಈ ಕಾಗದದಿಂದ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ."

"ಬಿಟ್ಟಿದ್ದಕ್ಕೆ ಆರಾಮಾಯ್ತಲ್ಲ ಸರ್. ಅದೇ ಸಾಕಾಗಲ್ವಾ?"

"ನನಗೆ ಸಾಕು. ಬರೆದುಕೊಡೋಕೆ ಸಾಕಾಗಲ್ಲ. ಮತ್ತೆ ದಿನಾ ಬ್ರೆಡ್ಡು ತಿನ್ನಿ, ಎರಡು ತಿಂಗಳು. ಆಮೇಲೆ ಬನ್ನಿ, ಇನ್ನೊಂದ್ಸಲ ರಕ್ತ ತೆಗೆಯೋಣ. ಆಗಲೂ ಬರದಿದ್ರೆ ಗಂಟಲಿಂದ ನಳಿಕೆ ಬಿಟ್ಟು ನೋಡ್ಬೇಕು. ಆ ಯಂತ್ರ ರಿಪೇರಿಗೆ ಹೋಗಿದೆ."

"ತಿಂದ್ರೆ ಮತ್ತೆ ಬರುತ್ತಲ್ಲ."

"ಬರಬೇಕು. ಬಂದ್ರೇನೇ ಗೊತ್ತಾಗೋದು."

"ಇರಬಹುದು ಅಂತಾದ್ರೂ ಒಂದು ಚೀಟಿ ಕೊಡಿ ಸರ್. ವಿಚಾರಣೆ ಮುಂದಿನ ವಾರಾನೇ ಇದೆ."

"ಅನುಮಾನಕ್ಕೆ ಸರ್ಟಿಫಿಕೇಟು ಇಲ್ಲಮ್ಮ," ಎಂದ ಡಾಕ್ಟರು. ಅವನ ದನಿಯಲ್ಲಿ ಸಿಡುಕು ಇರಲಿಲ್ಲ. ಇದ್ದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು.

ವಿಚಾರಣೆ ನಡೆದದ್ದು ಡಿಪೋದ ಮಹಡಿಯ ಕೋಣೆಯಲ್ಲಿ. ಕೇಂದ್ರ ಕಚೇರಿಯಿಂದ ಬಂದ ಅಧಿಕಾರಿ ಮೇಜಿನ ಆಚೆ, ಪಕ್ಕದಲ್ಲಿ ಮ್ಯಾನೇಜರು. ಕಿಟಕಿಯ ಕೆಳಗೆ ಬಸ್ಸುಗಳನ್ನು ತೊಳೆಯುತ್ತಿದ್ದರು, ನೀರಿನ ಸದ್ದಿಗೆ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಬೇಕಾಗುತ್ತಿತ್ತು. ವರದಿ ಎಲ್ಲಿ ಎಂದು ಅಧಿಕಾರಿ ಕೇಳಿದ. ಕೊಟ್ಟಳು. ಏನೂ ಇಲ್ಲ ಎಂದು ಗಟ್ಟಿಯಾಗಿ ಓದಿದ. ಊಟ, ಬ್ರೆಡ್ಡು, ತಿಂಡಿ ಎಂದು ಅವಳು ಬಿಡಿಸಿ ಹೇಳಲು ಹೊರಟಳು. ಹೇಳುತ್ತ ಹೇಳುತ್ತ ತನ್ನ ಕಿವಿಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ನಿಲ್ಲಿಸಿದಳು.

ಡ್ರೈವರನ್ನು ಕರೆದರು. ಅವನು ತಲೆ ಬಾಚಿಕೊಂಡು ಬಂದಿದ್ದ. ಒಳಗೆ ಬರುವಾಗ ಅವಳ ಕಡೆ ಕಣ್ಣು ಮಿಟುಕಿಸಿ, ನಾನಿದ್ದೇನೆ ಎನ್ನುವಂತೆ ತಲೆಯಾಡಿಸಿದ.

"ಇವರು ಕೆಲಸದಲ್ಲಿ ಹೇಗೆ?"

"ಬಂಗಾರದಂಥ ಹುಡುಗಿ ಸಾರ್. ಲೆಕ್ಕದಲ್ಲಿ ಒಂದು ಕಾಸು ಆಚೀಚೆ ಇಲ್ಲ."

"ಬಸ್ಸು ನಿಲ್ಲಿಸಿ ಹೋಗೋದು?"

"ಅದೆಲ್ಲ ಹಳೇ ಕತೆ ಸಾರ್. ಈಗ ಪೂರ್ತಿ ನಿಂತುಹೋಗಿದೆ. ನೋಟೀಸು ಬಂದ ಮೇಲೆ ಒಂದೇ ಒಂದ್ಸಲ ಗಾಡಿ ನಿಲ್ಸಿದ್ರೆ ನನ್ನ ಕಿವಿ ಕತ್ತರಿಸಿ. ಮೊದಲಿನ ಹಾಗೇ ಇಲ್ಲ, ಕುದುರೆ ಹಾಗೆ ಓಡಾಡ್ತಾಳೆ."

"ನೋಟೀಸು ಬಂದ ಮೇಲೆ," ಎಂದು ಅಧಿಕಾರಿ ಬರೆದುಕೊಂಡ.

"ಹೌದು ಸಾರ್, ಅವತ್ತಿಂದ ಇವತ್ತಿನವರೆಗೂ."

ಮ್ಯಾನೇಜರು ಕಿಟಕಿಯ ಕಡೆ ತಿರುಗಿದ. ಡ್ರೈವರು ಹೊರಗೆ ಹೋಗುವಾಗ ಅವಳ ಹತ್ತಿರ ಬಗ್ಗಿ, "ಹೇಗೆ ಹೇಳ್ದೆ?" ಎಂದು ಪಿಸುಗುಟ್ಟಿದ. "ಚೆನ್ನಾಗಿ ಹೇಳಿದ್ರಿ ಅಣ್ಣ," ಎಂದಳು.

ತೀರ್ಪು ಆ ತಿಂಗಳಲ್ಲೇ ಬಂತು. ಸುಳ್ಳು ಅನಾರೋಗ್ಯದ ನೆಪ ಹೇಳಿ ಕರ್ತವ್ಯಲೋಪ ಎಸಗಿದ್ದಕ್ಕಾಗಿ ಸೇವೆಯಿಂದ ತೆಗೆದುಹಾಕಲಾಗಿದೆ. ಹೊಸ ಪುರಾವೆ ಇದ್ದಲ್ಲಿ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಟಿಕೆಟ್ ಮಷೀನು, ಚೀಲ, ಸೀಟಿ, ಬಿಲ್ಲೆ ಒಪ್ಪಿಸಿ ಸಹಿ ಹಾಕಿದಳು. ಸೀಟಿ ಬಾಯಲ್ಲಿಟ್ಟಿದ್ದು ಎಂದು ಸ್ಟೋರಿನವನು ಅದನ್ನು ಎರಡು ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕಿದ.

"ಹೋಗ್ಲಿ ಬಿಡು," ಎಂದ ಗಂಡ. ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಬೆರಳಿನ ಪಟ್ಟಿ ಬದಲಿಸುತ್ತಿದ್ದ. "ನಮ್ಮಂಗಡಿ ಪಕ್ಕ ಬಟ್ಟೆ ಅಂಗಡಿಯೋರು ಹೆಂಗಸರನ್ನ ಹುಡುಕ್ತಿದಾರೆ. ಈಗ ಆರಾಮಾಗಿದೀಯಲ್ಲ. ಅದು ತಿನ್ಬೇಡ, ಆಯ್ತು. ಅಮ್ಮಂಗೆ ನಾನು ಹೇಳ್ತೀನಿ."

"ಏನಂತ ಹೇಳ್ತೀರಿ? ಕಾಗದದಲ್ಲಿ ಏನೂ ಇಲ್ಲ ಅಂತ ಅವರೂ ಓದಿದಾರೆ."

ಅವನು ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದ.

"ಸುಳ್ಳು ಅಂತ ಬರೆದಿದಾರೆ ರೀ. ನಾಳೆ ಆ ಬಟ್ಟೆ ಅಂಗಡಿಯೋರೂ ಹಿಂದಿನ ಕೆಲಸ ಯಾಕೆ ಹೋಯ್ತು ಅಂತ ಕೇಳ್ತಾರೆ. ಎರಡು ತಿಂಗಳು ತಿಂದ್ರೆ ರಕ್ತದಲ್ಲಿ ಬರುತ್ತೆ. ಬಂದ್ರೆ ಮನವಿ ಹಾಕಬಹುದು."

"ಬರದಿದ್ರೆ?"

ಅವಳು ಮೆಟ್ಟಿಲ ಮೇಲೆ ಬಿದ್ದಿದ್ದ ಹಳೆಯ ಪಟ್ಟಿಯನ್ನು ಹೆಕ್ಕಿ ಮಡಚಿದಳು.

"ಕಾಯಿಲೆ ಹೋಗ್ಲಿ ಅಂತ ಹಟ ಹಿಡಿಯೋರನ್ನ ನೋಡಿದೀನಿ," ಎಂದ. "ಬರ್ಲಿ ಅಂತ ಹಟ ಹಿಡಿಯೋರನ್ನ ಇವತ್ತೇ ನೋಡಿದ್ದು." ಬಯ್ಯುವ ದನಿಯಲ್ಲ. ಹೊಸ ಪಟ್ಟಿಯನ್ನು ಬೆರಳಿಗೆ ಅದುಮಿಕೊಂಡು ಕೇಳಿದ, "ಅಷ್ಟೊಂದು ಆಗ್ತಿತ್ತಾ ನಿಜವಾಗ್ಲೂ? ಮೊದಲು?"

ಮದುವೆಯಾಗಿ ಆರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು. ಅವಳು ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿಗೆ ಬಂದು ಕೂತು, "ಅತ್ತೆ, ಎರಡು ಬ್ರೆಡ್ಡು ಕೊಡಿ," ಎಂದಳು.

ಅತ್ತೆ ಮೊದಲು ನಂಬಲಿಲ್ಲ. ಆಮೇಲೆ ಬಾಣಲೆ ಇಟ್ಟಳು, ಬೆಣ್ಣೆ ತೆಗೆದಳು. ತಿಂಗಳುಗಟ್ಟಲೆ ಬಿಟ್ಟಿದ್ದ ಮಾತು ಒಮ್ಮೆಗೇ ವಾಪಸು ಬಂತು. "ಬುದ್ಧಿ ಬಂತಲ್ಲ, ಅಷ್ಟು ಸಾಕು. ಕೆಲಸ ಹೋದ್ರೆ ಹೋಗ್ಲಿ, ಮೈ ಮುಖ್ಯ. ಅಲೆದಾಟದ್ದೇ ಎಲ್ಲ ನಿಂಗೆ. ಇನ್ನು ಮನೇಲಿರು, ನಾನು ನೋಡ್ಕೋತೀನಿ." ಹಾಲಿಗೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದಳು.

ಮೊದಲ ವಾರದಲ್ಲೇ ಹೊಟ್ಟೆ ಉಬ್ಬರಿಸಿತು. ಅದರ ಮುಂದಿನ ವಾರ ಬಾಯಲ್ಲಿ ಹುಣ್ಣಾದವು, ಹಿತ್ತಲಿಗೂ ಒಳಕ್ಕೂ ಓಡಾಟ ಶುರುವಾಯಿತು. ಒಂದು ಮಧ್ಯಾಹ್ನ ಬಚ್ಚಲ ಬಾಗಿಲಲ್ಲೇ ಕುಸಿದು ಕೂತಳು. ಅತ್ತೆ ಬಂದು ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡು ಸೆರಗಿನಿಂದ ಮುಖ ಒರೆಸಿದಳು.

"ನೋಡಿ ಅತ್ತೆ," ಎಂದಳು ಅವಳು. "ಮತ್ತೆ ಶುರುವಾಯ್ತು. ಬ್ರೆಡ್ಡಿಂದಾನೇ ಇದು. ನೋಡಿದ್ರಲ್ಲ."

"ನನಗೆ ಗೊತ್ತಿಲ್ವೇನಮ್ಮಾ," ಎಂದಳು ಅತ್ತೆ. ಅವಳ ಕೈ ಸೊಸೆಯ ಬೆನ್ನಿನ ಮೂಳೆಗಳ ಮೇಲೆ ಮೇಲಿಂದ ಕೆಳಗೆ ಮೆಲ್ಲಗೆ ಹರಿಯುತ್ತಿತ್ತು. "ಕೆಲಸ ಹೋಗಿದ್ದು ಮನಸ್ಸಿಗೆ ಹಚ್ಕೊಂಡಿದೀಯ. ಅಳು, ಅತ್ತು ಹಗುರಾಗು."

ಅವಳಿಗೆ ಅಳು ಬರಲಿಲ್ಲ.

ಬೆಳಿಗ್ಗೆ ಅತ್ತೆ ಬ್ರೆಡ್ಡಿನ ಕಪ್ಪಾದ ಅಂಚನ್ನು ಚಾಕುವಿನಿಂದ ಕೆರೆದು ತಟ್ಟೆಗೆ ಹಾಕಿದಳು. ಒಲೆಯ ಪಕ್ಕ ನಿಂತು, ಇಷ್ಟಾದರೂ ತಿನ್ನುತ್ತಾಳಲ್ಲ ಎಂಬ ಸಮಾಧಾನದಲ್ಲಿ ನೋಡುತ್ತಿದ್ದಳು. ಗಂಡ ಚಪ್ಪಲಿ ಮೆಟ್ಟಿ ಬರ್ತೀನಿ ಎಂದು ಹೊರಟ. ಅವಳು ಒಂದು ಚೂರನ್ನು ಬಹಳ ಹೊತ್ತು ಅಗಿದು, ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಇನ್ನೊಂದು. ತಟ್ಟೆ ಖಾಲಿಯಾದಾಗ ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲೆ ಪುಡಿ ಉದುರಿತ್ತು. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಪುಡಿಯ ಮೇಲೆ ಒತ್ತಿ, ಅಂಟಿಕೊಂಡಷ್ಟನ್ನು ಬಾಯಿಗೆ ಇಟ್ಟುಕೊಂಡಳು. ಮತ್ತೆ ಬೆರಳು ಒದ್ದೆ ಮಾಡಿಕೊಂಡು ಹಾಸಿನ ಮಡಿಕೆ ಬಿಡಿಸಿ, ಅಲ್ಲಿ ಸಿಕ್ಕಿದ್ದನ್ನೂ ಒಂದೊಂದಾಗಿ ಹೆಕ್ಕತೊಡಗಿದಳು.